ಬರೋಡಾದಲ್ಲಿ ಸಿಗದ ಕೋಣೆ, ಬಾನ್‌ಗೆ ಬರೆದ ಅರ್ಜಿ



ಸ್ವಲ್ಪ ಉದ್ದದ ಪೋಸ್ಟ್. ರಾತ್ರಿ ಊಟ ಆದ್ಮೇಲೆ ಬಿಡುವು ಮಾಡ್ಕೊಂಡು ಓದಿ. ಮನೇಲಿ ಓದೋ ಮಕ್ಕಳಿದ್ರೆ ಅವರಿಗೂ ಓದಿಸಿ.

ನಮ್ಮ ಸಾದಲಿ ಹೋಬಳಿಯ ಹುಡುಗನೊಬ್ಬ ಈಗ ಜರ್ಮನಿಯಲ್ಲಿದ್ದಾನೆ. ಅದೊಂದು ವಿಶ್ವವಿದ್ಯಾಲಯ ಇರೋ ಊರು. ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಅಲ್ಲಿಯ ಲ್ಯಾಬ್ ಒಂದರಲ್ಲಿ ಎರಡು ವರ್ಷದ ಗುತ್ತಿಗೆ ಕೆಲಸ. ಹೆಸರು, ಊರು ಬರೆಯಲ್ಲ, ಅವನ ಅನ್ನಕ್ಕೆ ತೊಂದರೆ ಆಗಬಾರದು. ಅವರಪ್ಪ ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯಲ್ಲಿ ಬಿಸಿನೀರಿಗೆ ಕೈ ಹಾಕಿ ಹಾಕಿ ಬೆರಳ ತುದಿ ಸವೆಸಿಕೊಂಡವರು. ಹುಡುಗನಿಗೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್. ಈಗ ಸಂಜೆ ಹೊತ್ತು ಜರ್ಮನ್ ಕಲೀತಿದ್ದಾನೆ. ಮೊನ್ನೆ ಫೋನ್ ಮಾಡಿ ಕೇಳಿದ: "ಅಣ್ಣಾ, ಬಾಬಾಸಾಹೇಬ್ರೂ ಜರ್ಮನಿಗೆ ಬಂದಿದ್ರಂತಲ್ಲ, ಏನ್ ಮಾಡಿದ್ರು ಇಲ್ಲಿ? ಎಷ್ಟು ದಿನ ಇದ್ರು?"

ಒಳ್ಳೆ ಪ್ರಶ್ನೆ. ಏಪ್ರಿಲ್ 14ರ ಭಾಷಣಗಳಲ್ಲಿ ಕೊಲಂಬಿಯಾ, ಲಂಡನ್ ಅಂತ ಜೋರಾಗಿ ಹೇಳ್ತೀವಿ. ಜರ್ಮನಿ ಮಾತ್ರ "ಅಲ್ಲೂ ಓದಿದರು" ಅನ್ನೋ ಒಂದು ಸಾಲಲ್ಲಿ ಮುಗಿದುಹೋಗುತ್ತೆ. ವಾಟ್ಸಾಪ್‌ನಲ್ಲಿ ಇನ್ನೂ ಮುಂದೆ ಹೋಗಿ, ಬಾನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು ಅಂತಲೂ ಓಡಾಡ್ತಿದೆ. ಕೊಟ್ಟಿಲ್ಲ. ನಡೆದದ್ದು ಬೇರೆ. ಆ ನಡೆದದ್ದರಲ್ಲಿ ನಮ್ಮ ಮಕ್ಕಳಿಗೆ ಬೇಕಾದ ಪಾಠ ಡಾಕ್ಟರೇಟ್‌ಗಿಂತ ದೊಡ್ಡದಿದೆ ಅಂತ ನನಗನ್ನಿಸುತ್ತೆ.

*ಮೊದಲು ವಿಳಾಸ*

ಇವತ್ತು ಜರ್ಮನಿಯ ಯಾವುದೇ ಊರಿಗೆ ಕೆಲಸಕ್ಕೆ ಹೋದರೂ ಮೊದಲು ಆಗಬೇಕಾದ್ದು ವಿಳಾಸ ನೋಂದಣಿ. ಮನೆಗೆ ಹೋಗಿ ಸೇರಿದ ಎರಡು ವಾರದೊಳಗೆ ನಗರಸಭೆ ಕಚೇರಿಗೆ ಹೋಗಿ, ನಾನು ಇಂಥ ಬೀದಿ, ಇಂಥ ನಂಬರಿನ ಮನೆಯಲ್ಲಿದ್ದೀನಿ ಅಂತ ಬರೆಸಬೇಕು. ಮನೆ ಮಾಲೀಕರು "ಹೌದು, ಇವರು ನಮ್ಮಲ್ಲಿದ್ದಾರೆ" ಅಂತ ಸಹಿ ಮಾಡಿದ ಚೀಟಿ ಬೇಕು. ಆ ನೋಂದಣಿ ಆದರೆ ತೆರಿಗೆ ನಂಬರ್, ಬ್ಯಾಂಕ್ ಖಾತೆ, ವೀಸಾ ಮುಂದುವರಿಕೆ ಎಲ್ಲ ಸಲೀಸು. ಆಗದಿದ್ದರೆ ಒಂದಕ್ಕೊಂದು ಗಂಟು. ಬಾಡಿಗೆ ಮನೆಗೆ ಮೂರು ತಿಂಗಳ ಬಾಡಿಗೆಯವರೆಗೂ ಅಡ್ವಾನ್ಸ್ ಕೇಳಬಹುದು. ಸಂಬಳದ ಪತ್ರ ತೋರಿಸು ಅಂತಾರೆ. ವಿದೇಶಿಯರ ಹೆಸರು ನೋಡಿ ಉತ್ತರ ಕೊಡದ ಮಾಲೀಕರೂ ಇದ್ದಾರೆ.

ನಮ್ಮ ಹುಡುಗ ಹೇಳಿದ: "ಅಣ್ಣಾ, ಆ ಫಾರಂನಲ್ಲಿ ಧರ್ಮದ ಕಾಲಂ ಇತ್ತು, ಎದೆ ಝಲ್ ಅಂತು." ಅಲ್ಲಿ ಚರ್ಚ್ ಸದಸ್ಯರ ಆದಾಯ ತೆರಿಗೆ ಜೊತೆ ಚರ್ಚ್ ತೆರಿಗೆಯನ್ನೂ ಸರ್ಕಾರವೇ ಹಿಡಿದುಕೊಡುತ್ತೆ, ಅದಕ್ಕೆ ಆ ಕಾಲಂ. ಇವನು ಹಿಂದೆ ಮುಂದೆ ತಿರುಗಿಸಿ ನೋಡಿದನಂತೆ. ಜಾತಿ ಕಾಲಂ ಎಲ್ಲೂ ಇರಲಿಲ್ಲ.

ಈ ಮಾತು ಕೇಳಿ ನಗುವವರು ಬಾಡಿಗೆ ಮನೆ ಹುಡುಕದವರು. ನಾನು ನೌಕರಿ ಸಿಕ್ಕಿ ಪೇಟೆಗೆ ಬಂದಾಗ ಬಾಗಿಲು ಬಾಗಿಲು ತಟ್ಟಿದ್ದೀನಿ. ಸರ್ಕಾರಿ ನೌಕರಿ ಅಂದಾಗ ಮುಖ ಅರಳುತ್ತಿತ್ತು. "ಊರು ಯಾವುದು? ಊರೊಳಗಾ, ಆಚೆಗಾ?" ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ "ಮನೆಯೋರನ್ನ ಕೇಳಿ ಹೇಳ್ತೀನಿ" ಅಂತ ಬಾಗಿಲು ಮುಚ್ಚುತ್ತಿತ್ತು. ಆ ಮನೆಯೋರು ಇವತ್ತಿಗೂ ಉತ್ತರ ಹೇಳಿಲ್ಲ. ನೌಕರಿ ಸಿಗೋದು ಒಂದು, ಆ ನೌಕರಿಯ ಊರಲ್ಲಿ ನೆಲೆ ಸಿಗೋದು ಇನ್ನೊಂದು. ಬಾಬಾಸಾಹೇಬರ ಜರ್ಮನಿ ಕತೆ ಅರ್ಥ ಆಗಬೇಕಾದರೆ ಈ ಎರಡನೆಯದರಿಂದಲೇ ಶುರು ಮಾಡಬೇಕು. ಅದಕ್ಕೆ ಮೊದಲು ಬರೋಡಾಕ್ಕೆ ಹೋಗೋಣ.

*1917, ಬರೋಡಾ*

1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅಂಬೇಡ್ಕರ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಮುಗಿಸಿ ಬಂದು ಬರೋಡಾ ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡಬೇಕು ಅಂತ ಕರಾರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಅಲ್ಲೇ ಒಂದು ಸೆಮಿನಾರ್‌ನಲ್ಲಿ ಪ್ರಬಂಧ ಓದಿದರು. ಆಗ ವಯಸ್ಸು 25. ಅಲ್ಲಿಂದ ಲಂಡನ್. ಅಲ್ಲಿ ಓದು ಅರ್ಧಕ್ಕೆ ಬಂದಾಗ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಕರಾರಿನ ಪ್ರಕಾರ 1917ರಲ್ಲಿ ಬರೋಡಾಕ್ಕೆ ಬಂದರು.

ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಪ್ರೊಬೇಷನರ್ ಕೆಲಸ. ರೈಲಿಳಿದ ಮೇಲೆ ಮೊದಲ ಪ್ರಶ್ನೆ, ಎಲ್ಲಿ ಉಳಿಯೋದು? ಹಿಂದೂ ಹೋಟೆಲ್‌ಗಳು ಸೇರಿಸಲ್ಲ. ಕೊನೆಗೆ ಒಂದು ಪಾರ್ಸಿ ಛತ್ರ. ಅಲ್ಲಿ ಪಾರ್ಸಿಗಳಿಗೆ ಮಾತ್ರ ಜಾಗ. ಅಲ್ಲಿಯ ಮೇಟಿ ಮೈಮೇಲೆ ಪಾರ್ಸಿಗಳು ಧರಿಸೋ ಸದ್ರಾ, ಕಸ್ತಿ ಇಲ್ಲದ್ದನ್ನು ಕಂಡುಹಿಡಿದ. ಇಬ್ಬರೂ ಮಾತಾಡಿಕೊಂಡು ರಿಜಿಸ್ಟರ್‌ನಲ್ಲಿ ಒಂದು ಪಾರ್ಸಿ ಹೆಸರು ಬರೆದರು. ದಿನಕ್ಕೆ ಒಂದೂವರೆ ರೂಪಾಯಿ. ಮೇಲ್ಮಹಡಿಯಲ್ಲಿ ಹಳೇ ಸಾಮಾನು ತುಂಬಿದ ದೊಡ್ಡ ಹಾಲ್, ಪಕ್ಕದಲ್ಲೊಂದು ಸಣ್ಣ ಕೋಣೆ. ವಿದ್ಯುತ್ ದೀಪ ಇಲ್ಲ, ರಾತ್ರಿ ಒಂದು ಲಾಟೀನು. ಕೊಲಂಬಿಯಾ ಪದವೀಧರ ಸುಳ್ಳು ಹೆಸರಲ್ಲಿ, ಲಾಟೀನು ಬೆಳಕಲ್ಲಿ ಓದುತ್ತಾ ಕೂತಿದ್ದರು.

ಹನ್ನೊಂದನೇ ದಿನ ಬೆಳಿಗ್ಗೆ ಕಚೇರಿಗೆ ಹೊರಡೋ ಹೊತ್ತಿಗೆ ಒಂದು ಡಜನ್ ಪಾರ್ಸಿಗಳು ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿಬಂದರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಆ ದಿನ ಇಬ್ಬರು ಸ್ನೇಹಿತರ ಹತ್ತಿರ ಹೋಗಿ ಕೇಳಿದರು. ಹಿಂದೂ ಸ್ನೇಹಿತ, ನೀನು ಬಂದರೆ ನನ್ನ ಮನೆ ಆಳುಗಳು ಬಿಟ್ಟುಹೋಗ್ತಾರೆ ಅಂದ. ಕ್ರಿಶ್ಚಿಯನ್ ಆಗಿದ್ದ ಇನ್ನೊಬ್ಬ, ಹೆಂಡತಿ ಬರಲಿ ಕೇಳಿ ಹೇಳ್ತೀನಿ ಅಂದ. ಆ ಗಂಡ ಹೆಂಡತಿ ಮೂಲದಲ್ಲಿ ಬ್ರಾಹ್ಮಣರು. ಕಾಮಾಠಿ ಬಾಗ್ ಅನ್ನೋ ತೋಟದಲ್ಲಿ ಕೂತು ಹೊತ್ತು ಕಳೆದು, ರಾತ್ರಿ ಒಂಬತ್ತರ ರೈಲಿಗೆ ಮುಂಬೈಗೆ ಹೊರಟುಹೋದರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಆ ಬರಹದ ಹೆಸರು 'ವೆಯ್ಟಿಂಗ್ ಫಾರ್ ಎ ವೀಸಾ'. ಸ್ವಂತ ದೇಶದಲ್ಲಿ ವೀಸಾಕ್ಕೆ ಕಾಯೋದು ಅಂತ.

ಗಮನಿಸಿ. ಕೆಲಸ ಇತ್ತು. ಪದವಿ ಇತ್ತು. ಮಹಾರಾಜರ ಬೆಂಬಲ ಇತ್ತು. ಜೇಬಲ್ಲಿ ಬಾಡಿಗೆ ದುಡ್ಡೂ ಇತ್ತು. ಇಲ್ಲದ್ದು ಒಂದು ಕೋಣೆ. ಅದೊಂದಕ್ಕೇ ಆ ಕೆಲಸ ಹೋಯಿತು.

*ಸಾಲದ ದುಡ್ಡು*

1918ರ ನವೆಂಬರ್‌ನಲ್ಲಿ ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ತಿಂಗಳಿಗೆ 450 ರೂಪಾಯಿ. ಅದೂ ತಾತ್ಕಾಲಿಕ ಹುದ್ದೆ. ಅಲ್ಲೂ ಅಧ್ಯಾಪಕರ ಕೊಠಡಿಯ ನೀರಿನ ಹೂಜಿ ಮುಟ್ಟಬಾರದು ಅಂತ ತಕರಾರು ಬಂತು. ಅವರು ಪಾಠ ಮಾಡಿ, ದುಡ್ಡು ಉಳಿಸಿ, ಲಂಡನ್ನಿನ ಅರ್ಧ ಓದಿಗೆ ಲೆಕ್ಕ ಹಾಕುತ್ತಿದ್ದರು.

ಅದೇ 1918ರಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿ ಏನು ನಡೀತಿತ್ತು ಅಂತ ಪಕ್ಕದಲ್ಲಿಟ್ಟು ನೋಡಿ. ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಬೇಕು ಅನ್ನೋ ಬೇಡಿಕೆ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ಮಾಡಿದರು. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ ಅದನ್ನು ಒಪ್ಪಲಿಲ್ಲ, ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಅವರ ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ. ಅಣೆಕಟ್ಟು ಕಟ್ಟಿದ್ದಕ್ಕೆ ಗೌರವ ಕೊಡೋಣ, ಯಾರೂ ಬೇಡ ಅನ್ನಲ್ಲ. ಪಾಲು ಕೇಳಿದಾಗ 'ಅರ್ಹತೆ' ಅನ್ನೋ ಮಾತು ಯಾವ ಕಡೆಯಿಂದ ಬಂತು ಅನ್ನೋದನ್ನೂ ನಮ್ಮ ಮಕ್ಕಳು ಓದಬೇಕು.

1920ರ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ಶುರುವಾಯಿತು. ಕೊಲ್ಹಾಪುರದ ಶಾಹು ಮಹಾರಾಜರು ಸಹಾಯ ಮಾಡಿದರು. ಲಂಡನ್ನಿಗೆ ಹೊರಡುವಾಗ ಪಾರ್ಸಿ ಸ್ನೇಹಿತ ನವಲ್ ಭಾತೇನಾ ಐದು ಸಾವಿರ ರೂಪಾಯಿ ಸಾಲ ಕೊಟ್ಟರು. ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳು, ಸಾಲ ಕೊಟ್ಟವರೂ ಪಾರ್ಸಿ. ಇದನ್ನು ಬಾಬಾಸಾಹೇಬರು ಯಾವತ್ತೂ ಮರೆಯಲಿಲ್ಲ, ನಾವೂ ಮರೆಯಬಾರದು. 1920ರ ಜುಲೈಯಲ್ಲಿ ಹಡಗು ಹತ್ತಿದರು. ಇತ್ತ ಮುಂಬೈಯಲ್ಲಿ ರಮಾಬಾಯಿ ಕೈಯಲ್ಲಿದ್ದ ಅಷ್ಟಿಷ್ಟರಲ್ಲಿ ಸಂಸಾರ ನೂಕುತ್ತಿದ್ದರು. ವಿದೇಶದ ಒಂದೊಂದು ದಿನಕ್ಕೂ ಊರಲ್ಲಿ ಒಬ್ಬ ಹೆಣ್ಣುಮಗಳು ಬೆಲೆ ಕೊಡುತ್ತಿರುತ್ತಾಳೆ.

*ಬಾನ್ ಯಾಕೆ?*

ಲಂಡನ್ನಲ್ಲಿ ಓದುತ್ತಿರುವಾಗಲೇ, 1921ರ ಫೆಬ್ರವರಿಯಲ್ಲಿ, ಅಂಬೇಡ್ಕರ್ ಪ್ರಷ್ಯಾದ ಶಿಕ್ಷಣ ಸಚಿವಾಲಯಕ್ಕೆ ಅರ್ಜಿ ಬರೆದರು. ಸ್ವಂತ ಕೈಬರಹದಲ್ಲಿ, ಜರ್ಮನ್ ಭಾಷೆಯಲ್ಲಿ. ಜೊತೆಗೆ ತಾವು ಎಲ್ಲೆಲ್ಲಿ ಏನೇನು ಓದಿದ್ದೀನಿ ಅನ್ನೋ ವಿವರ. ಕೊಲಂಬಿಯಾದಲ್ಲಿದ್ದಾಗ ಅರ್ಥಶಾಸ್ತ್ರ, ಇತಿಹಾಸದ ಜೊತೆ ಫ್ರೆಂಚ್, ಜರ್ಮನ್ ತರಗತಿಗಳಿಗೂ ಕೂತಿದ್ದರು. ಅವತ್ತು ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ಆ ವರ್ಷ ಏಪ್ರಿಲ್‌ನಲ್ಲಿ ಬಾನ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರು ನೋಂದಣಿ ಆಯಿತು.

ಬಾನ್ ಅಂದರೆ ರೈನ್ ನದಿ ದಂಡೆಯ ಊರು. ಆಗ ಲಕ್ಷ ಜನರೂ ಇರಲಿಲ್ಲ. ಬೆಥೋವನ್ ಹುಟ್ಟಿದ ಊರು. ಹಳೇ ದೊರೆಗಳ ಅರಮನೆಯಲ್ಲೇ 1818ರಲ್ಲಿ ಶುರುವಾದ ವಿಶ್ವವಿದ್ಯಾಲಯ. 1835ರಲ್ಲಿ ಕಾರ್ಲ್ ಮಾರ್ಕ್ಸ್ ಕಾನೂನು ಓದೋಕೆ ಬಂದು ಒಂದೇ ವರ್ಷಕ್ಕೆ ಬರ್ಲಿನ್‌ಗೆ ಹೋದದ್ದು ಇದೇ ವಿಶ್ವವಿದ್ಯಾಲಯದಿಂದ. ಜರ್ಮನಿಯಲ್ಲಿ ಮೊಟ್ಟಮೊದಲು ಸಂಸ್ಕೃತ, ಭಾರತೀಯ ವಿದ್ಯೆಗೆ ಪ್ರಾಧ್ಯಾಪಕ ಪೀಠ ಬಂದದ್ದೂ ಇಲ್ಲೇ. ಅಂಬೇಡ್ಕರ್ ಹೆಸರು ನೋಂದಾಯಿಸಿದಾಗ ಆ ಪೀಠದಲ್ಲಿದ್ದವರು ಹರ್ಮನ್ ಯಾಕೋಬಿ, ಜೈನ ಸೂತ್ರಗಳನ್ನು ಇಂಗ್ಲಿಷಿಗೆ ತಂದ ದೊಡ್ಡ ವಿದ್ವಾಂಸ.

ಇಲ್ಲೊಂದು ನಿಮಿಷ ನಿಲ್ಲಿ. ಮುಂಬೈಯ ಹೈಸ್ಕೂಲಿನಲ್ಲಿ ಭೀಮರಾವ್ ಸಂಸ್ಕೃತ ತೆಗೆದುಕೊಳ್ಳಬೇಕು ಅಂತಿದ್ದರು. ಅಸ್ಪೃಶ್ಯರಿಗೆ ಸಂಸ್ಕೃತ ಹೇಳಿಕೊಡಲ್ಲ ಅಂತ ಮೇಷ್ಟ್ರು ಅಂದರು. ವಿಧಿಯಿಲ್ಲದೆ ಪರ್ಷಿಯನ್ ತೆಗೆದುಕೊಂಡರು. ಮುಂಬೈಯಲ್ಲಿ ಮುಚ್ಚಿದ ಆ ವಿದ್ಯೆ ಬಾನ್‌ನಲ್ಲಿ ನೂರು ವರ್ಷದಿಂದ ದನದ ಮಾಂಸ ತಿನ್ನೋ ಮನೆಗಳ ಹುಡುಗರಿಗೆ ಪಾಠ ಆಗುತ್ತಿತ್ತು. ಯಾವ ದೇವರೂ ಕೋಪ ಮಾಡಿಕೊಳ್ಳಲಿಲ್ಲ, ಯಾವ ಕಿವಿಗೂ ಕಾದ ಸೀಸ ಬೀಳಲಿಲ್ಲ. ಮುಂದೆ ಬಾಬಾಸಾಹೇಬರು ಸ್ವಂತವಾಗಿ ಸಂಸ್ಕೃತ ಕಲಿತು ಶಾಸ್ತ್ರಗಳನ್ನು ಜಾಲಾಡಿದ್ದು ನಿಮಗೆಲ್ಲ ಗೊತ್ತು.

ಕನ್ನಡದಲ್ಲೂ ಇದಕ್ಕೆ ಜೊತೆಯಾಗೋ ಕತೆ ಇದೆ. 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ನಮ್ಮ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಮುಗಿಸಿದರು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಆ ಊರಲ್ಲೇ ತೀರಿಕೊಂಡರು. ಇತ್ತೀಚೆಗೆ ನಮ್ಮ ಬಿ.ಎ. ವಿವೇಕ ರೈ ಅವರು ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ, ಯು.ಆರ್. ಅನಂತಮೂರ್ತಿ ಟ್ಯೂಬಿಂಗೆನ್‌ಗೆ ಅತಿಥಿ ಪ್ರಾಧ್ಯಾಪಕರಾಗಿ ಹೋಗಿ ಬಂದರು. ಅಂದರೆ ಕರ್ನಾಟಕಕ್ಕೂ ಜರ್ಮನಿಯ ವಿಶ್ವವಿದ್ಯಾಲಯದ ಊರುಗಳಿಗೂ ನೂರೈವತ್ತು ವರ್ಷದ ಹೋಗಿ ಬರೋ ದಾರಿ ಇದೆ. ಅವರಿಗೆಲ್ಲ ಹಿಂದೆ ಒಂದು ಮಿಷನ್ನೋ, ಆಹ್ವಾನ ಪತ್ರವೋ ಇತ್ತು. ಅಂಬೇಡ್ಕರ್ ಹಿಂದೆ ಇದ್ದದ್ದು ಸಾಲದ ಪತ್ರ.

*ಬೆಲೆ ಕಳಕೊಂಡ ಮಾರ್ಕ್*

ಸಾಲದ ದುಡ್ಡಲ್ಲಿ ಓದೋರಿಗೆ ಜರ್ಮನಿ ಇನ್ನೊಂದು ಕಾರಣಕ್ಕೂ ಹತ್ತಿರ ಆಗಿತ್ತು. ಮೊದಲ ಮಹಾಯುದ್ಧ ಸೋತ ಮೇಲೆ ಅಲ್ಲಿಯ ಮಾರ್ಕ್ ನೋಟಿನ ಬೆಲೆ ಕುಸಿಯುತ್ತಾ ಬಂತು. ಯುದ್ಧಕ್ಕೆ ಮೊದಲು ಒಂದು ಡಾಲರ್‌ಗೆ ಸುಮಾರು 4.2 ಮಾರ್ಕ್. 1922ರ ಕೊನೆಗೆ ಏಳು ಸಾವಿರ ದಾಟಿತ್ತು. 1923ರ ನವೆಂಬರ್‌ಗೆ 4.2 ಲಕ್ಷ ಕೋಟಿ ಮಾರ್ಕ್. ಪೌಂಡ್ ಇಟ್ಟುಕೊಂಡು ಹೋದವರಿಗೆ ಊಟ, ಕೋಣೆ, ಪುಸ್ತಕ ಎಲ್ಲ ಅಗ್ಗ. ಅಲ್ಲಿಯ ಕೂಲಿಕಾರರಿಗೆ, ಪಿಂಚಣಿಯ ಮುದುಕರಿಗೆ ಮಾತ್ರ ಜೀವನವೇ ಮುಳುಗಿತು. ಜೀವಮಾನದ ಉಳಿತಾಯ ಒಂದು ಬ್ರೆಡ್ಡಿಗೂ ಸಾಲದಾಯಿತು.

ಅಂಬೇಡ್ಕರ್ ಆಗ ಬರೆಯುತ್ತಿದ್ದ ಪ್ರಬಂಧ ಯಾವುದು? ರೂಪಾಯಿಯ ಸಮಸ್ಯೆ. ನೋಟಿನ ಬೆಲೆ ಯಾಕೆ ಬೀಳುತ್ತೆ, ಬೆಲೆ ಏರಿದಾಗ ಯಾರ ಹೊಟ್ಟೆಗೆ ಪೆಟ್ಟು ಬೀಳುತ್ತೆ ಅನ್ನೋದೇ ಅದರ ವಿಷಯ. 1922ರಲ್ಲಿ ಬ್ಯಾರಿಸ್ಟರ್ ಆದರು. ಆ ವರ್ಷ ಅಕ್ಟೋಬರ್‌ನಲ್ಲಿ ಪ್ರಬಂಧ ಲಂಡನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ ಬಾನ್‌ಗೆ ಹೋದರು. ಜೀವನಚರಿತ್ರೆ ಬರೆದವರು ಹೇಳೋ ಪ್ರಕಾರ ಅಲ್ಲಿ ಇದ್ದದ್ದು ಸುಮಾರು ಮೂರು ತಿಂಗಳು. ಪುಸ್ತಕದಲ್ಲಿ ಬರೆದ ಸಂಕಟ ಬಾನ್‌ನ ಅಂಗಡಿ ಸಾಲಲ್ಲಿ ಕಣ್ಣೆದುರಿಗೇ ನಡೆಯುತ್ತಿತ್ತು. 1923ರ ಜನವರಿ 11ಕ್ಕೆ ಫ್ರೆಂಚ್, ಬೆಲ್ಜಿಯಂ ಸೈನ್ಯ ರೂರ್ ಪ್ರಾಂತ್ಯಕ್ಕೆ ನುಗ್ಗಿದ ಮೇಲಂತೂ ಮಾರ್ಕ್ ಪೂರ್ತಿ ನೆಲ ಕಚ್ಚಿತು.

ಅದೇ ಜನವರಿಯಲ್ಲಿ ಬಾನ್ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಅಂಬೇಡ್ಕರ್ ಹೆಸರನ್ನು ತೆಗೆದುಹಾಕಲಾಯಿತು. ಕಾರಣ, ತರಗತಿಗಳಿಗೆ ಹೆಸರು ಕೊಟ್ಟಿಲ್ಲ. ಇದೇ ಸಾಲು ಹಿಡಿದು "ನೋಡಿ, ಓದಲೇ ಇಲ್ಲ" ಅಂತ ಕೊಂಕು ಮಾತಾಡೋರಿದ್ದಾರೆ. ನಾನು ಗುಮಾಸ್ತ. "ಗೈರುಹಾಜರಿ ಕಾರಣ ಹೆಸರು ತೆಗೆದಿದೆ" ಅನ್ನೋ ಸಾಲು ಎಂಥದ್ದು ಅಂತ ನನಗೆ ಗೊತ್ತು. ಆ ಸಾಲಿನಲ್ಲಿ ದಿನಾಂಕ ಇರುತ್ತೆ, ಸಹಿ ಇರುತ್ತೆ, ಸೀಲ್ ಇರುತ್ತೆ. ಬಾರದೇ ಹೋದವನ ಮನೆಯಲ್ಲಿ ಏನಾಯಿತು ಅನ್ನೋದಕ್ಕೆ ಕಾಲಂ ಇರಲ್ಲ. ನಮ್ಮ ಎಷ್ಟು ಮಕ್ಕಳ ಹೆಸರು ಹೀಗೆ ಹಾಜರಿ ಪುಸ್ತಕದಿಂದ ಹೋಗಿವೆ, ಲೆಕ್ಕ ಇಟ್ಟವರಾರು?

ಅಂಬೇಡ್ಕರ್ ವಿಷಯದಲ್ಲಿ ಆ ಕಾಲಂ ತುಂಬಬಹುದು. ಲಂಡನ್ನಿನ ಪರೀಕ್ಷಕರಿಗೆ ಪ್ರಬಂಧದಲ್ಲಿದ್ದ ಬ್ರಿಟಿಷ್ ಆಡಳಿತದ ಟೀಕೆ ಖಾರವಾಯಿತು. ತಿದ್ದಿ ಬರೆಯಿರಿ ಅಂದರು. ಅವರ ಗುರು ಎಡ್ವಿನ್ ಕ್ಯಾನನ್ ಅವರಿಂದ ಕರೆ ಬಂತು, ಮಾರ್ಚ್‌ನಲ್ಲಿ ಲಂಡನ್ನಿಗೆ ವಾಪಸ್. ಅಷ್ಟೊತ್ತಿಗೆ ದುಡ್ಡೂ ಖಾಲಿ. 1923ರ ಏಪ್ರಿಲ್‌ನಲ್ಲಿ ಮುಂಬೈಗೆ ಬಂದು, ಅಲ್ಲಿಂದಲೇ ತಿದ್ದಿ ಕಳಿಸಿದರು. ವಾದ ಬದಲಾಯಿಸಲಿಲ್ಲ. ಆ ವರ್ಷದ ಕೊನೆಯಲ್ಲಿ ಡಿ.ಎಸ್ಸಿ. ಪದವಿ ಬಂತು, ಪುಸ್ತಕವೂ ಬಂತು. ಬಾನ್ ಓದು ಅಲ್ಲಿಗೇ ನಿಂತಿತು.

*ಜರ್ಮನಿ ಸ್ವರ್ಗ ಅಲ್ಲ*

ಹಾಗಂತ ಬರೋಡಾ ಕೆಟ್ಟದ್ದು, ಬಾನ್ ಒಳ್ಳೇದು ಅಂತ ಕತೆ ಮುಗಿಸಿದರೆ ನಾವು ಇತಿಹಾಸಕ್ಕೆ ಮೋಸ ಮಾಡಿದ ಹಾಗೆ. ಅಂಬೇಡ್ಕರ್ ಇದ್ದಾಗ ಬಾನ್ ಫ್ರೆಂಚ್ ಸೈನ್ಯದ ಹಿಡಿತದಲ್ಲಿತ್ತು. ಆ ಸೈನ್ಯದ ಆಫ್ರಿಕನ್ ಸೈನಿಕರ ವಿರುದ್ಧ ಜರ್ಮನಿಯಲ್ಲಿ "ಕಪ್ಪು ಅವಮಾನ" ಅಂತ ಹೊಲಸು ಪ್ರಚಾರ ನಡೀತಿದ್ದ ಕಾಲ ಅದು.

ಹತ್ತು ವರ್ಷ ಕಳೆಯೋದರೊಳಗೆ ಹಿಟ್ಲರ್ ಬಂದ. 1933ರ ಏಪ್ರಿಲ್ ಕಾನೂನಿನಿಂದ ಯಹೂದಿ ನೌಕರರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯೋಕೆ ಶುರು ಮಾಡಿದರು. ಬಾನ್ ವಿಶ್ವವಿದ್ಯಾಲಯದಲ್ಲಿ ಫೆಲಿಕ್ಸ್ ಹೌಸ್‌ಡಾರ್ಫ್ ಅಂತ ದೊಡ್ಡ ಗಣಿತಜ್ಞ ಇದ್ದರು. ಅಂಬೇಡ್ಕರ್ ಹೆಸರು ನೋಂದಾಯಿಸಿದ ವರ್ಷವೇ ಅಲ್ಲಿ ಪ್ರೊಫೆಸರ್ ಆಗಿ ಬಂದು ನೆಲೆಸಿದವರು. ಯಹೂದಿ ಅನ್ನೋ ಒಂದೇ ಕಾರಣಕ್ಕೆ ಅವರನ್ನು ಹಿಂಡಿದರು. 1942ರ ಜನವರಿಯಲ್ಲಿ ಮನೆ ಬಿಟ್ಟು ಶಿಬಿರಕ್ಕೆ ಬಾ ಅಂತ ಆದೇಶ ಬಂದಾಗ ಅವರು, ಹೆಂಡತಿ, ಹೆಂಡತಿಯ ತಂಗಿ ಮೂವರೂ ಪ್ರಾಣ ಬಿಟ್ಟರು. ಇವತ್ತು ಅದೇ ಊರಲ್ಲಿ ಅವರ ಹೆಸರಿನ ಗಣಿತ ಸಂಸ್ಥೆ ಇದೆ.

ಆದ್ದರಿಂದ ಊರು ತಾನಾಗೇ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಅಲ್ಲಿಯ ಕಾನೂನು ಯಾರ ಪರ ನಿಂತಿದೆ, ಜನ ಅದನ್ನು ಎಷ್ಟು ಕಾಯ್ತಾರೆ ಅನ್ನೋದರ ಮೇಲೆ ಕೋಣೆ ಉಳಿಯುತ್ತೆ. ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. ಸ್ವಂತ ಊರು, ಸ್ವಂತ ಮನೆ, ರೇಷನ್ ಕಾರ್ಡಲ್ಲಿ ವಿಳಾಸ ಎಲ್ಲ ಇತ್ತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದರು. ವಿಳಾಸ ಇದ್ದರೆ ಸಾಲದು, ಅದರ ಹಿಂದೆ ಕಾನೂನು ಗಟ್ಟಿಯಾಗಿ ನಿಲ್ಲಬೇಕು ಅನ್ನೋದನ್ನ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

*ಬಂದವರೇ ಹಾಸ್ಟೆಲ್ ಕಟ್ಟಿದರು*

ವಾಪಸ್ ಬಂದ ಬಾಬಾಸಾಹೇಬರು ಏನು ಮಾಡಿದರು ನೋಡಿ. 1924ರ ಜುಲೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1925ರ ಜನವರಿಯಲ್ಲಿ ಆ ಸಭೆ ಸೊಲ್ಲಾಪುರದಲ್ಲಿ ಒಂದು ಹಾಸ್ಟೆಲ್ ತೆರೆಯಿತು. ದೊಡ್ಡ ಚಳವಳಿ, ಮಹಾಡ್ ಕೆರೆಯ ಸತ್ಯಾಗ್ರಹ ಆದದ್ದು 1927ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ಹಾಸ್ಟೆಲ್! 1929ರಲ್ಲಿ ನಮ್ಮ ಧಾರವಾಡದಲ್ಲೂ ದಲಿತ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಆಯಿತು. ಬರೋಡಾದ ತೋಟದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತ ಮನುಷ್ಯನಿಗೆ ಓದೋ ಹುಡುಗನಿಗೆ ಮೊದಲು ಏನು ಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಒಂದು ಕೋಣೆ, ಒಂದು ದೀಪ, ಎರಡು ಹೊತ್ತು ಊಟ. ರಿಜಿಸ್ಟರ್‌ನಲ್ಲಿ ಸ್ವಂತ ಹೆಸರು.

ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ ಇಲ್ಲದಿದ್ದರೆ ಸಿದ್ಧಲಿಂಗಯ್ಯನವರ ಓದು ಏನಾಗುತ್ತಿತ್ತೋ. 'ಊರುಕೇರಿ' ಓದಿದವರಿಗೆ ಆ ಹಾಸ್ಟೆಲ್ ಮನೆಯಷ್ಟೇ ಪರಿಚಯ. ನಾನೂ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಮಾಡಿದವನು. ನೀರು ಸಾರು, ತಿಗಣೆ, ಒಂದು ಟ್ರಂಕಿನ ಮೇಲೆ ಇಬ್ಬರ ಪುಸ್ತಕ. ಎಲ್ಲ ಸರಿ, ಆದರೆ ಅಲ್ಲಿ ಯಾರೂ ನನ್ನನ್ನ "ಯಾವ ಪೈಕಿ" ಅಂತ ಕೇಳಿ ಬಾಗಿಲು ಹಾಕಲಿಲ್ಲ. ನನ್ನ ಜೊತೆಗಿದ್ದವರಲ್ಲಿ ಇವತ್ತು ಮೇಷ್ಟ್ರುಗಳಿದ್ದಾರೆ, ಲಾಯರ್ ಇದ್ದಾರೆ, ಕಂಡಕ್ಟರ್ ಇದ್ದಾರೆ. ಜರ್ಮನಿಗೆ ಹೋದ ನಮ್ಮ ಹುಡುಗನೂ ಅಂಥದ್ದೇ ಹಾಸ್ಟೆಲ್‌ನ ಮಗ. ಹಾಸ್ಟೆಲ್ ಸೀಟು ಕಡಿಮೆ ಮಾಡಿದರೆ, ಊಟದ ಬಿಲ್ ತಡೆದರೆ ಅದು ಬರೀ ಅಡುಗೆಮನೆ ಸುದ್ದಿ ಅಲ್ಲ.

*ಇವತ್ತಿನ ಲೆಕ್ಕ*

ಬರೋಡಾ ಮಹಾರಾಜರ ಜಾಗದಲ್ಲಿ ಇವತ್ತು ಸರ್ಕಾರ ಇರಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಅಂತ ಇದೆ. ವರ್ಷಕ್ಕೆ ಇಡೀ ದೇಶಕ್ಕೆ 125 ಸೀಟು, ಅದರಲ್ಲಿ 115 ಪರಿಶಿಷ್ಟ ಜಾತಿಗೆ. ಇಡೀ ದೇಶಕ್ಕೆ! 2022ರ ಮಾರ್ಗಸೂಚಿಯಲ್ಲಿ ಒಂದು ಸಾಲು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡೋರಿಗೆ ಈ ವೇತನ ಇಲ್ಲ. ಅಂದರೆ 1916ರಲ್ಲಿ ಜಾತಿಗಳ ಹುಟ್ಟಿನ ಬಗ್ಗೆ ಕೊಲಂಬಿಯಾದಲ್ಲಿ ಪ್ರಬಂಧ ಓದಿದ ಆ 25 ವರ್ಷದ ಹುಡುಗ ಅದೇ ವಿಷಯ ಹಿಡಿದು ಇವತ್ತು ಅರ್ಜಿ ಹಾಕಿದರೆ ತಿರಸ್ಕೃತ. 2025ರ ಜುಲೈಯಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲಿಗೆ 40 ಮಂದಿಗೆ ಮಾತ್ರ ಪತ್ರ ಕೊಟ್ಟು, ಉಳಿದವರಿಗೆ ಹಣ ಇದ್ದರೆ ನೋಡೋಣ ಅಂದರು. ಜರ್ಮನಿಯಲ್ಲಿ ಅಕ್ಟೋಬರ್‌ಗೆ ಸೆಮಿಸ್ಟರ್ ಶುರು. ಪತ್ರ ತಡವಾದರೆ ವೀಸಾ ಇಲ್ಲ, ಕೋಣೆ ಇಲ್ಲ. ಅಲ್ಲಿಯ ದಾಖಲೆಯಲ್ಲಿ ಮತ್ತೆ ಅದೇ ಸಾಲು ಬೀಳುತ್ತೆ, ಹೆಸರು ತೆಗೆದಿದೆ.

ನಮ್ಮ ರಾಜ್ಯದಲ್ಲಿ ಪ್ರಬುದ್ಧ ಅನ್ನೋ ಯೋಜನೆ ಇದೆ, ಸಮಾಜ ಕಲ್ಯಾಣ ಇಲಾಖೆಯದು. ಪದವಿ ಓದೋ ಎಷ್ಟು ಮಕ್ಕಳಿಗೆ ಹಳ್ಳಿಗಳಲ್ಲಿ ಇದು ಗೊತ್ತು? ನಿಮ್ಮ ಹಾಸ್ಟೆಲ್ ನೋಟಿಸ್ ಬೋರ್ಡ್‌ನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ನೀವೇ ಬರೆದು ಅಂಟಿಸಿ.

ಗುತ್ತಿಗೆ ಕೆಲಸದ ಬಗ್ಗೆಯೂ ಒಂದು ಮಾತು. ಜರ್ಮನಿಯಲ್ಲಿ 2007ರ ಕಾನೂನಿನ ಪ್ರಕಾರ ಸಂಶೋಧಕರನ್ನು ಡಾಕ್ಟರೇಟ್‌ಗೆ ಮೊದಲು ಆರು, ಆಮೇಲೆ ಆರು ವರ್ಷದವರೆಗೆ ತಾತ್ಕಾಲಿಕವಾಗಿಯೇ ಇಟ್ಟುಕೊಳ್ಳಬಹುದು. 2021ರಲ್ಲಿ ಅಲ್ಲಿಯ ಸಂಶೋಧಕರು "ನಾನು ಹಾನ್ನಾ" ಅನ್ನೋ ಹೆಸರಲ್ಲಿ ದೊಡ್ಡ ದನಿ ಎತ್ತಿದರು. ನಮ್ಮ ಅತಿಥಿ ಉಪನ್ಯಾಸಕರ, ಗುತ್ತಿಗೆ ಪೌರಕಾರ್ಮಿಕರ ಕೂಗಿಗೂ ಅದಕ್ಕೂ ಸಂಬಂಧ ಇದೆ. ವಿದೇಶದ ಸಂಬಳದ ಅಂಕಿ ನೋಡಿ ಊರಲ್ಲಿ ಮನೆ ಕಟ್ಟೋ ಲೆಕ್ಕ ಹಾಕೋ ಮೊದಲು ಎರಡು ವರ್ಷ ಆದ್ಮೇಲೆ ಏನು ಅಂತ ಮನೆಯವರೂ ಕೇಳಿಕೊಳ್ಳಬೇಕು.

ಜಾತಿಯೂ ವಿಮಾನ ಹತ್ತಿ ಬಂದಿರುತ್ತೆ. ಫಾರಂನಲ್ಲಿ ಇಲ್ಲದ ಕಾಲಂ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಇರುತ್ತೆ: "ಶುದ್ಧ ಸಸ್ಯಾಹಾರಿ ರೂಮ್‌ಮೇಟ್ ಮಾತ್ರ", "ನಿಮ್ಮ ಸರ್‌ನೇಮ್ ಏನು?" ಅಂತ. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿ ಕಾನೂನು ಮಾಡಿದ್ದು ಸುಮ್ಮನೆ ಅಲ್ಲ. ಹೋಗೋ ಮಕ್ಕಳು ಅಲ್ಲಿಯ ಅಂಬೇಡ್ಕರ್‌ವಾದಿ ಬಳಗಗಳನ್ನು ಹುಡುಕಿಕೊಳ್ಳಿ, ಕಾರ್ಮಿಕ ಸಂಘ ಸೇರಿಕೊಳ್ಳಿ, ಒಬ್ಬೊಬ್ಬರೇ ಇರಬೇಡಿ. ಮೊದಲು ಹೋದವರು ಆಮೇಲೆ ಬರೋರಿಗೆ ಒಂದು ತಿಂಗಳು ಜಾಗ ಕೊಡಿ. ಹಾಸ್ಟೆಲ್ ಅಂದರೆ ಕಟ್ಟಡವೇ ಆಗಬೇಕಿಲ್ಲ, ನಿಮ್ಮ ಕೋಣೆಯ ಒಂದು ಮೂಲೆಯೂ ಸಾಕು.

ನಮ್ಮ ಬೇಡಿಕೆ ಮೂರು. 2022ರ ಆ ಸಾಲು ತೆಗೆಯಿರಿ. ಆಯ್ಕೆ ಪತ್ರವನ್ನು ಸೆಮಿಸ್ಟರ್‌ಗೆ ಮೊದಲು ಕೊಡಿ, ಮೊದಲ ಮೂರು ತಿಂಗಳ ಬಾಡಿಗೆ ಅಡ್ವಾನ್ಸನ್ನೂ ಅದರಲ್ಲೇ ಸೇರಿಸಿ. ಪ್ರತಿ ತಾಲ್ಲೂಕು ಹಾಸ್ಟೆಲ್‌ನಲ್ಲಿ ವಿದೇಶಿ ಓದಿನ ಮಾಹಿತಿ ಕೊಡೋಕೆ ಒಬ್ಬರನ್ನು ನೇಮಿಸಿ. ಈ ಮೂರನ್ನೂ ಬರೆದು ತಾಲ್ಲೂಕು ಸಮಾಜ ಕಲ್ಯಾಣ ಅಧಿಕಾರಿಗೆ ಮನವಿ ಕೊಡೋಕೆ ಬರೋ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಹತ್ತಿರ ಸೇರೋಣ. ನಾನು ಅರ್ಧ ದಿನ ರಜೆ ಹಾಕಿದ್ದೀನಿ. ಹಾಸ್ಟೆಲ್ ಮಕ್ಕಳು ಕ್ಲಾಸ್ ತಪ್ಪಿಸಿ ಬರಬೇಡಿ, ಹಾಜರಿ ಬಿದ್ದರೆ ಸಾಕು. ದೊಡ್ಡವರು ಬನ್ನಿ.

ಜೈಭೀಮ್.